ಟಿಕೆಟ್ ಕೊಂಡು ನೋಡಿದ ಸ್ಮಶಾನ

ಪ್ರಾಗ್ ನಗರದಲ್ಲಿ ಸ್ಮಶಾನ ನೋಡಲು ಟಿಕೆಟ್ ಕೊಳ್ಳಬೇಕು. ಊರಲ್ಲಿ ನಾವು ಅಂಥ ಜಾಗದಿಂದ ಬಂದರೆ ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡುವವರು. ಇಲ್ಲಿ ಜನ ಸರದಿಯಲ್ಲಿ ನಿಂತು, ಕೈಯಲ್ಲಿದ್ದ ತಿಂಡಿ ಮುಗಿಸಿ, ಒಳಗೆ ಹೋಗಿ ಫೋಟೊ ತೆಗೆಯುತ್ತಾರೆ.

ಕುವೈತಿನಿಂದ ನಾಲ್ಕು ದಿನಕ್ಕೆಂದು ಬಂದಿದ್ದೆವು, ನಾನು ಮತ್ತು ನನ್ನ ಗಂಡ ಬಸವರಾಜ. ಅವರು ಶುಐಬಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಜೂನ್‌ನಲ್ಲಿ ಕರಾರು ಮುಗಿದರೆ ಇಕಾಮಾ, ಅಂದರೆ ಅಲ್ಲಿ ವಾಸಿಸಲು ಕೊಡುವ ಪರವಾನಗಿಯೂ ಮುಗಿಯುತ್ತದೆ, ಹುಬ್ಬಳ್ಳಿಗೆ ವಾಪಸ್. ಅದಕ್ಕೆ ಮೊದಲು ಒಂದು ಸಲ ಯುರೋಪು ಎಂದಿದ್ದರು. ನನಗೆ ಬೇಕಾಗಿದ್ದದ್ದು ಯುರೋಪಲ್ಲ. ಎರಡು ವರ್ಷದ ಹಿಂದೆ ಕುವೈತಿನಲ್ಲಿ ಹುಟ್ಟಿ, ಎರಡೇ ದಿನ ಇದ್ದು ಹೋದ ಮಗಳನ್ನು ಎಲ್ಲಿ ಮಣ್ಣು ಮಾಡಿದ್ದಾರೆಂದು ಹೊರಡುವ ಮುನ್ನ ಒಮ್ಮೆ ನೋಡಬೇಕಿತ್ತು. ಆ ದಿನ ನಾನು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯ ಮಂಚದ ಮೇಲಿದ್ದೆ. ಆಮೇಲೆ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: ನಮ್ಮ ಪದ್ಧತಿಯಲ್ಲಿ ಅಲ್ಲಿಗೆ ಹೆಂಗಸರು ಹೋಗಬಾರದು.

ಬೆಳಿಗ್ಗೆಯಿಂದ ಕಲ್ಲುಹಾಸಿನ ಬೀದಿಗಳಲ್ಲಿ ನಡೆದಿದ್ದೆವು. ಕುವೈತಿನಲ್ಲಿ ನಡೆಯುವುದೆಂದರೆ ಮಾಲ್ ಒಳಗೆ, ಎಸಿಯಲ್ಲಿ. ಖೈತಾನ್‌ನ ನಮ್ಮ ಫ್ಲ್ಯಾಟಿನಿಂದ ಕೆಳಗಿನ ಅಂಗಡಿಗೆ ಹೋಗಲೂ ನೆರಳಿನ ಗೋಡೆ ಹುಡುಕಿ ಹೆಜ್ಜೆ ಇಡುತ್ತೇವೆ. ಇಲ್ಲೋ ಮಾರ್ಚಿನ ಚಳಿ. ಊರಿನವರೆಲ್ಲ ಬಿಸಿಲಿಗೆ ಮುಖವೊಡ್ಡಿ ಕುಳಿತಿದ್ದರೆ ನಾವಿಬ್ಬರು ಗಡಗಡ ನಡುಗುತ್ತ, ಬೀದಿ ದಾಟಿ ದಾಟಿ ನೆರಳಿಗೇ ಹೋಗುತ್ತಿದ್ದೆವು. ಮೂರನೆಯ ಬೀದಿಯಲ್ಲಿ ಅದು ಹೊಳೆದು, ಬಹಳ ದಿನಗಳ ಮೇಲೆ ಇಬ್ಬರೂ ನಕ್ಕೆವು. ಕುವೈತು ನಮ್ಮ ಕಾಲಿಗೇ ಅಂಟಿಕೊಂಡು ಬಂದಿದೆ ಎಂದು ಅವರು ತಮಾಷೆ ಮಾಡಿದರು. ಸೇತುವೆ ನೋಡಿದೆವು, ಗಡಿಯಾರದ ಗೋಪುರ ನೋಡಿದೆವು. ಕೊನೆಗೆ ಈ ಹಳೆಯ ಯೆಹೂದಿ ಸ್ಮಶಾನ.

ಎರಡು ಟಿಕೆಟ್ ತೆಗೆದಿದ್ದೆ. ಅವರು ಗೇಟಿನಲ್ಲೇ ನಿಂತುಬಿಟ್ಟರು. ಒಳಗೆ ನಾನೊಬ್ಬಳೇ ಹೋದೆ. ಜಾಗ ಸಾಲದೆ ಒಬ್ಬರ ಮೇಲೊಬ್ಬರನ್ನು ಪದರ ಪದರವಾಗಿ ಹೂತಿದ್ದಾರಂತೆ; ಕಲ್ಲುಗಳು ಕಿಕ್ಕಿರಿದ ಬಸ್ಸಿನಲ್ಲಿ ನಿಂತವರ ಹಾಗೆ ಒಂದಕ್ಕೊಂದು ಒರಗಿವೆ. ಎಂದೋ ಸತ್ತ, ನನಗೆ ಏನೂ ಆಗಬೇಕಿಲ್ಲದವರ ಮುಂದೆ ಟಿಕೆಟ್ ಹಿಡಿದು ನಿಲ್ಲಬಹುದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಮುಂದೆ ನಿಲ್ಲುವಂತಿಲ್ಲ.

ಧಾರವಾಡದಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಯವಳು. ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುವುದು ಕಲಿತ ವಿದ್ಯೆ. ಹೊರಗೆ ಬಂದು ಅದನ್ನೇ ಮಾಡಿದೆ. ಅಮಾವಾಸ್ಯೆಯ ದಿನ ಹೊಸ ಕಾರು ತಂದವರು, ಶ್ರಾವಣ ಸೋಮವಾರ ಆಮ್ಲೆಟ್ ತಿನ್ನುವವರು ನೀವು, ನಿಮ್ಮಲ್ಲಿ ಇದೊಂದೇ ಪದ್ಧತಿ ಹೇಗೆ ಉಳಿಯಿತು ಎಂದು ಕೇಳಿದೆ. ಪದ್ಧತಿ ಹೆಂಗಸರಿಗಾದರೆ ನೀವೇಕೆ ಗೇಟಿನಲ್ಲಿ ನಿಂತಿರಿ ಎಂದೆ. ಈ ಸುತ್ತು ನನ್ನದೇ ಎಂದು ಕೇಳುವಾಗಲೇ ಗೊತ್ತಿತ್ತು.

ಅವರು ಬೀದಿಯ ಕಲ್ಲನ್ನೇ ನೋಡುತ್ತಿದ್ದರು. ‘ಕೂಸು ಎಲ್ಲಿ ಐತಿ ಅಂತ ನನಗೂ ಗೊತ್ತಿಲ್ಲ, ವಿದ್ಯಾ.’

‘ನೀವ ಒಯ್ದಿದ್ರಲ್ಲ?’

‘ಗೇಟಿನ ತನಕ ಒಯ್ದೆ. ಕಾರಿನಿಂದ ಇಳಿಯಾಕ ಆಗಲಿಲ್ಲ. ಯೂಸುಫ್ ಭಾಯಿ ನನ್ನ ತೊಡಿ ಮ್ಯಾಲಿಂದ ಎತ್ಕೊಂಡು ಹೋದ್ರು.’

ಯೂಸುಫ್ ಭಾಯಿ ಅವರ ಜೊತೆ ಕೆಲಸ ಮಾಡುವ ಫೋರ್‌ಮನ್, ಪೇಶಾವರದ ಕಡೆಯವರು. ಎರಡು ವರ್ಷ ನಾನು ಗಂಡನ ಮೇಲೆ ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟಿದ್ದೆ, ಕೊನೆಯ ಹಿಡಿ ಮಣ್ಣಾದರೂ ಅವರ ಕೈಗೆ ಸಿಕ್ಕಿತಲ್ಲ ಎಂದು. ನಮ್ಮಿಬ್ಬರಲ್ಲಿ ಯಾರೂ ಅವಳ ಹತ್ತಿರ ಇರಲಿಲ್ಲ. ಗೆದ್ದ ವಾದವನ್ನು ಕೈಯಲ್ಲಿ ಹಿಡಿದು ನಿಂತೆ. ಪ್ರವಾಸಿಗರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು.

ಕುವೈತಿಗೆ ಮರಳಿದ ಮೇಲೆ ಬಂದ ಶುಕ್ರವಾರ ಯೂಸುಫ್ ಭಾಯಿ ಇಬ್ಬರನ್ನೂ ಕರೆದೊಯ್ದರು. ಉದ್ದನೆಯ ಗೋಡೆ, ಮರಳು, ಬೇರೆ ಧರ್ಮದವರಿಗೆಂದು ಒಂದು ಭಾಗ, ಹೆಸರಿಲ್ಲದ ಗಿಡ್ಡ ಕಲ್ಲುಗಳ ಸಾಲು. ಯೂಸುಫ್ ಭಾಯಿ ಎಲ್ಲೂ ತಡವರಿಸದೆ ನಡೆದು ಒಂದರ ಮುಂದೆ ನಿಂತರು. ಪ್ರತಿ ಈದ್‌ಗೂ ಬಂದು ಹೋಗುತ್ತಿದ್ದರಂತೆ. ಹೇಳಿದರೆ ನಮಗೆ ಸಂಕಟವಾದೀತೆಂದು ಹೇಳಿರಲಿಲ್ಲವಂತೆ. ಬಸವರಾಜ ಮೊಣಕಾಲೂರಿ, ಮಲಗಿದ ಕೂಸಿನ ಹೊದಿಕೆ ಸರಿಮಾಡುವ ಹಾಗೆ, ಮರಳನ್ನು ಅಂಗೈಯಿಂದ ಸಮ ಮಾಡಿದರು. ನನಗೆ ಅಳು ಬರಲಿಲ್ಲ. ಬಿಸಿಲು ಬಹಳವಿತ್ತು, ಅವಳ ಮೇಲೆ ನೆರಳೇ ಇಲ್ಲವಲ್ಲ ಎಂದಷ್ಟೇ ಅನ್ನಿಸಿತು.

ನಾವು ಹೋದ ಮೇಲೂ ಬರುತ್ತೀರಾ ಎಂದು ಯೂಸುಫ್ ಭಾಯಿಯನ್ನು ಹಿಂದಿಯಲ್ಲಿ ಕೇಳಿದೆ. ತಾವಿರುವ ತನಕ ಬರುವುದಾಗಿ ಹೇಳಿದರು. ಆಮೇಲೆ, ‘ಲೇಕಿನ್ ಬೆಹನ್, ಮೈ ಭೀ ಇಕಾಮಾ ಪೇ ಹೂಂ’ ಎಂದರು. ತಂಗೀ, ನಾನೂ ಪರವಾನಗಿಯ ಮೇಲೆ ಇರುವವನೇ.

ಕುವೈತು ನಮ್ಮದಲ್ಲ, ಇಲ್ಲಿ ಬೇರು ಬಿಡುವ ಮಾತೇ ಇಲ್ಲ ಎಂದು ಬಂದ ದಿನದಿಂದ ವಾದಿಸಿದವಳು ನಾನು. ಆ ವಾದವನ್ನು ಈಗ ಯಾರಾದರೂ ನನ್ನೆದುರು ಮಂಡಿಸಿದರೆ ಖಂಡಿಸಬಲ್ಲೆ. ಹುಬ್ಬಳ್ಳಿ ನಮ್ಮದಲ್ಲ ಎಂದರೂ ಅಷ್ಟೇ ಜೋರಾಗಿ ಖಂಡಿಸುತ್ತೇನೆ. ಊರಿಂದ ಅವ್ವ ದಿನಾ ಫೋನ್ ಮಾಡುತ್ತಾಳೆ. ನಿನ್ನೆ ಕೇಳಿದಳು: ‘ಸಾಮಾನು ಕಟ್ಟಿದ್ರೇನು? ನೋಡ್ರಿ ಮತ್ತ, ಏನೂ ಬಿಟ್ಟು ಬರಬ್ಯಾಡ್ರಿ.’

ಕಟ್ಟುತ್ತಿದ್ದೇವೆ ಎಂದೆ.