ಸಿಮೆಂಟಿನ ಕಮಲ

ಶಂಕ್ರೆವ್ವ ಹಟಕ್ಕೆ ಬಿದ್ದಳೆಂದರೆ ಗಂಡ ಉಳವಪ್ಪನ ಕಿವಿಗೆ ಪುರಸೊತ್ತೇ ಇರುತ್ತಿರಲಿಲ್ಲ. ದಾಂಡೇಲಿಯ ಆ ಓಣಿಯಲ್ಲಿ ಮನೆ ಮುಂದೆ ಮೊದಲು ಕಾಂಕ್ರೀಟ್ ಹಾಕಿಸಿದ್ದೂ ಅವಳ ಹಟವೇ. ಮಳೆಗಾಲ ಬಂತೆಂದರೆ ಉಳವಪ್ಪನ ಆಟೋ ಅಂಗಳದ ಕೆಸರಿನಲ್ಲಿ ಹೂತು, ನೂಕಲು ಓಣಿಯವರೆಲ್ಲ ಬರಬೇಕಿತ್ತು. ಆ ನಾಚಿಕೆ ತಾಳದೆ, ರಸ್ತೆಯಿಂದ ಹೊಸ್ತಿಲವರೆಗೆ ಹಾಸು ಬೀಳುವ ತನಕ ಅವಳು ಗಂಡನ ತಲೆ ತಿಂದಳು.

ಹಾಸು ಹಾಕಿದ ಗೌಂಡಿ ಕೈ ತೊಳೆಯಲು ಹೋದಾಗ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ನಿರ್ಮಲಾ ಹೊಸ್ತಿಲ ಮುಂದಿನ ಹಸಿ ಸಿಮೆಂಟಿನಲ್ಲಿ ಬೆರಳಿನಿಂದಲೇ ಒಂದು ಕಮಲ ಗೀರಿಬಿಟ್ಟಳು. ಒಂದು ಎಸಳು ಉಳಿದವಕ್ಕಿಂತ ದೊಡ್ಡದಾಗಿತ್ತು.

“ಇನ್ನ ದಿನಾ ರಂಗೋಲಿ ಹಾಕೂದ ಬ್ಯಾಡವ್ವಾ. ಇದು ಅಳಿಸೂದ ಇಲ್ಲ.”

ಗೌಂಡಿ ಬೈದ. ಶಂಕ್ರೆವ್ವ ಮಾತ್ರ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಳು.

ಹೋದ ಮಳೆಗಾಲದಲ್ಲಿ ನಿರ್ಮಲಾ ಜ್ವರ ಬಂದು ತೀರಿಕೊಂಡಳು. ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿದುಕೊಡುತ್ತಿದ್ದ, ಮದುವೆಯ ಮಾತು ನಡೆದಿದ್ದ ಹುಡುಗಿ. ಸಾವಾದ ಮನೆಯ ಮುಂದೆ ವರ್ಷ ತುಂಬುವ ತನಕ ರಂಗೋಲಿ ಹಾಕುವಂತಿಲ್ಲ. ಹಾಕದೆ ಇರಬಹುದು, ಆದರೆ ಆಗಲೇ ಸಿಮೆಂಟಿನಲ್ಲಿ ಕೂತುಬಿಟ್ಟದ್ದನ್ನು ಏನು ಮಾಡುವುದು? ಎರಡು ಮನೆ ಆಚೆಗಿರುವ ನಾದಿನಿ ದುರ್ಗವ್ವ ಹೊಸ್ತಿಲಲ್ಲೇ ನಿಂತು, “ಸತ್ತ ಮನಿ ಮುಂದ ರಂಗೋಲಿ ಭಾಳ ಚಂದ ಕಾಣತೈತಿ ಬಿಡವಾ” ಎಂದಳು. ಸಂಕಟದ ಮನೆಗೆ ಬಂದವಳು ಆಡುವ ಮಾತೇ ಅದು!

ಮರುದಿನದಿಂದ ಶಂಕ್ರೆವ್ವ ದಿನಾ ಬೆಳಿಗ್ಗೆ ಕಮಲದ ಮೇಲೆ ಗಟ್ಟಿ ಸೆಗಣಿ ಸಾರಿಸತೊಡಗಿದಳು. ಮಳೆ ಬಂದು ತೊಳೆದುಹೋಗುತ್ತಿತ್ತು. ಮತ್ತೆ ಸಾರಿಸುತ್ತಿದ್ದಳು. ಕೊನೆಗೆ ಅದನ್ನು ಒಡೆಸಿರೆಂದು ಗಂಡನ ಬೆನ್ನು ಹತ್ತಿದಳು. ಮಗಳು ಹೋದಂದಿನಿಂದ ಅವನು ಆಟೋವನ್ನು ರಸ್ತೆಯಲ್ಲೇ ನಿಲ್ಲಿಸಿ, ಕಮಲ ತುಳಿಯದ ಹಾಗೆ ಗೋಡೆಗೆ ಒತ್ತಿಕೊಂಡು ಒಳಗೆ ಬರುತ್ತಿದ್ದ. ಹೆಂಡತಿ ಅದನ್ನೂ ನೋಡಲಿಲ್ಲ.

“ಮಂದಿ ಬಾಯಿಗೆ ಬಂದಂಗ ಅಂತಾರ. ನಿಮಗ ಕೂಳರ ಹೆಂಗ ಇಳೀತೈತ್ರಿ?” ಎಂದಳು ಒಂದು ದಿನ. ಉಳವಪ್ಪ ಊಟ ಬಿಟ್ಟು ಎದ್ದು, ಜೆಸಿಬಿ ಓಡಿಸುವ ಹಳಿಯಾಳದ ದುಂಡೇಶನಿಗೆ ಫೋನ್ ಮಾಡಿದ.

ದುಂಡೇಶ ಮಿನಿ ಜೆಸಿಬಿ ತಂದು ರಸ್ತೆಯ ಕಡೆಯಿಂದ ಶುರು ಮಾಡಿದ. ಅದರ ಹಲ್ಲು ಅಂಚಿಗೆ ಹೊಕ್ಕು, ತವೆಯಿಂದ ರೊಟ್ಟಿ ಎಬ್ಬಿಸಿದ ಹಾಗೆ ಕಾಂಕ್ರೀಟ್ ಎಬ್ಬಿಸುತ್ತಿತ್ತು. ಉಳವಪ್ಪ ನೋಡಲಾರದೆ ಆಟೋ ಸ್ಟ್ಯಾಂಡಿಗೆ ಹೋಗಿಬಿಟ್ಟ. ಶಂಕ್ರೆವ್ವ ಸೆರಗು ಸಿಕ್ಕಿಸಿಕೊಂಡು, ಗೆದ್ದವಳ ಹಾಗೆ ಬಾಗಿಲಲ್ಲಿ ನಿಂತಳು.

ಹೊಸ್ತಿಲ ಹತ್ತಿರ ಬಂದಾಗ ದುಂಡೇಶ ಇಳಿದು, ಸೆಗಣಿಯಡಿ ಪೈಪು ಗೀಪು ಇದ್ದೀತೆಂದು ಒಂದು ಕೊಡ ನೀರು ಸುರಿದ. ಕಮಲ ಎದ್ದು ಕಂಡಿತು. ಆ ದೊಡ್ಡ ಎಸಳೂ ಕಂಡಿತು. ಆಗ ಶಂಕ್ರೆವ್ವನಿಗೆ ಹೊಳೆಯಿತು. ದಿನಾ ಸಾರಿಸುವಾಗ ಅವಳ ಬೆರಳು ಹೋಗುತ್ತಿದ್ದದ್ದು ಮಗಳ ಬೆರಳು ಹೋದ ದಾರಿಯಲ್ಲೇ. ಮಗಳನ್ನು ಮುಟ್ಟಲು ಅವಳಿಗೆ ಉಳಿದದ್ದು ಅದೊಂದೇ.

“ತಡಿಯಪಾ! ಇದೊಂದು ಇಡೀ ತೆಗದ ಕೊಡು. ನಿನ್ನ ಕಾಲ ಬೀಳ್ತೇನಿ.”

“ಒಳಗ ಕಬ್ಬಿಣ ಹಾಕಿಲ್ರೀ ಅವ್ವಾರ, ಮುರೀಬಹುದು. ನೋಡ್ತೇನಿ,” ಎಂದ ದುಂಡೇಶ.

ಅವನು ಮೆಲ್ಲಗೆ ಎತ್ತಿದ. ಕಮಲ ಇಡಿಯಾಗಿಯೇ ನೆಲ ಬಿಟ್ಟು ಮೇಲೆದ್ದಿತು. ಶಂಕ್ರೆವ್ವ ಎರಡೂ ಕೈ ಚಾಚಿದಳು. ಅಷ್ಟರಲ್ಲಿ ಅದು ತನ್ನ ಭಾರಕ್ಕೆ ತಾನೇ ನಡು ಮುರಿದು, ಬಿದ್ದು ಚೂರುಚೂರಾಯಿತು. ಅವಳು ಮಣ್ಣಿನಲ್ಲಿ ಕೂತು ಚೂರುಗಳನ್ನು ಕೂಡಿಸಿ ನೋಡಿದಳು. ಯಾವುದು ಮಗಳ ಗೆರೆ, ಯಾವುದು ಬಿರುಕು, ತಿಳಿಯಲಿಲ್ಲ.

ಸಂಜೆ ಉಳವಪ್ಪ ಬಂದಾಗ ಅವನ ಅಂಗಿ ಹಿಡಿದು ಜಗ್ಗಿದಳು. “ನಾ ಅಂದೆ ಅಂತ ಒಡಿಸೂದನ? ನೀವರ ಬ್ಯಾಡ ಅನಬಾರದಿತ್ತನ?”

ಅವನು ಅಂಗಿ ಬಿಡಿಸಿಕೊಂಡ. ರೂಢಿಯಂತೆ ಗೋಡೆಗೆ ಒತ್ತಿಕೊಂಡೇ ಒಳಗೆ ಹೋದ.

ಮರುದಿನ ಬೆಳಿಗ್ಗೆ ಶಂಕ್ರೆವ್ವ ಸೆಗಣಿ ಬುಟ್ಟಿ ತಂದು ಬರಿಯ ಮಣ್ಣು ಸಾರಿಸತೊಡಗಿದಳು. ದಾರಿಯಲ್ಲಿ ಹೊರಟ ದುರ್ಗವ್ವ ನಿಂತು, “ಈಗ ಛಲೋ ಆತ ನೋಡು” ಎಂದಳು. ಶಂಕ್ರೆವ್ವ ಅದೇ ಜಾಗವನ್ನು ಮತ್ತೆ ಮತ್ತೆ ಸಾರಿಸಿದಳು. ಬೆರಳಿಗೆ ಒಂದು ಗೆರೆಯೂ ತಾಗಲಿಲ್ಲ.