ಸಕ್ಕರೆ ತಿನ್ನಿಸುವ ಮೇಡಂ

ಬೆಳಿಗ್ಗೆ ಆರೂಕಾಲಿಗೆ ನೆರೆಮನೆಯವಳು ನಮ್ಮ ಹಿತ್ತಲಿಗೆ ಓಡಿಬಂದಳು. ಹಿಂದೆಯೇ ಅವಳ ಗಂಡ, ಕೈಯಲ್ಲಿ ಕೊಡಲಿ. ನಾನು ಅವಳನ್ನು ಒಳಗೆಳೆದು ಬಾಗಿಲು ಹಾಕಿದೆ. ಬಾಗಿಲಿಗೆ ಬಿದ್ದ ಆ ಏಟು ಇನ್ನೂ ಕಿವಿಯಲ್ಲಿದೆ. ಅವನು ಹೋದ ಮೇಲೆ ಅಕ್ಕಿಆಲೂರಿನಿಂದ ಬಸ್ಸು ಹಿಡಿದು ಅವಳನ್ನು ಮಹಿಳೆಯರ ಆಶ್ರಯಮನೆಗೆ ಕರೆದೊಯ್ದೆ.

ಅಲ್ಲಿ ಯಾರಿಗೆ ಜಾಗ ಕೊಡಬೇಕೆಂದು ತೀರ್ಮಾನಿಸುವ ಮೇಡಂ ಸೆರಗಿನಿಂದ ಕನ್ನಡಕ ಒರೆಸುತ್ತ, ಪ್ರತಿ ಮಾತಿಗೂ ಒಂದನ್ನೇ ಅನ್ನುತ್ತಿದ್ದರು: "ಹಳೇದು ಬಿಡವ್ವಾ, ಇವತ್ತಿಂದು ಹೇಳು."

"ಹೋದ ವರ್ಷ ಕೈ ಮುರದಾನ್ರಿ," ಎಂದಳು ಅವಳು.

"ಅದು ಹಳೇದು. ಇವತ್ತು ಪೆಟ್ಟು ಬಿದ್ದೇತೇನು?"

"ಬಿದ್ದಿದ್ರ ನಾ ಹೆಣಾ ತರತಿದ್ದೆ, ಮೇಡಂ!" ಎಂದು ನಾನೇ ರೇಗಿದೆ.

ಮಧ್ಯಾಹ್ನ ಅವರು ಗಂಡನನ್ನೂ ಕರೆಸಿದರು. ಅವನು ಕೈಮುಗಿದ. ಮೇಡಂ ಕಪಾಟಿನಿಂದ ಸಕ್ಕರೆ ಡಬ್ಬಿ ತೆಗೆದರು. ಜಗಳ ಮುಗಿಯಿತೆಂದು ಗಂಡ ಹೆಂಡತಿ ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸುವುದು ಅವರು ಮಾಡಿಕೊಂಡ ಪದ್ಧತಿ. ಅವನು ಚಿಟಿಕೆ ಎತ್ತಿದ. ಇವಳು ಮುಖ ತಿರುಗಿಸಿದಳು.

"ಹೋದ ವರ್ಷಾನೂ ಇಲ್ಲೇ ಸಕ್ಕರಿ ತಿಂದು ಹೋಗಿದ್ದೆ, ಮೇಡಂ. ಮನಿ ಮುಟ್ಟಿದ ಮ್ಯಾಲೇ ಕೈ ಮುರದಿದ್ದು."

ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. "ನೀ ಹೊರಗ ನಡಿಯಪ್ಪಾ," ಎಂದು ಅವನನ್ನು ಕಳಿಸಿ, ಅವಳಿಗೆ ಒಳಗಿನ ಕೋಣೆ ತೋರಿಸಿದರು.

ಭಾನುವಾರ ಅವಳು ಫೋನ್ ಮಾಡಿದಳು: "ಅಕ್ಕಾರ, ರಾತ್ರಿ ಒಮ್ಮೆನೂ ಎಚ್ಚರ ಆಗಲಿಲ್ರಿ." ಅಂದು ರಾತ್ರಿ ನಾನೂ ಬೆಳಗಿನವರೆಗೆ ಮಲಗಿದೆ.