ಗುಡ್ಡದ ಮೇಲೆ ಲೈನಾ ಕೂಗಿದ್ದು

ಹೌಕಿಪೆರಾದ ರೌನಿ ಹಿಮದ ಮೇಲೆ ಜಾರುವ ಸ್ಕೀ ಹಲಗೆ ಕಾಲಿಗೆ ಕಟ್ಟಿಕೊಂಡರೆ ಅವಳನ್ನು ಹಿಡಿಯುವವರಿರಲಿಲ್ಲ. ಫಿನ್‌ಲೆಂಡಿನ ಆ ಬಡಗಣ ಹಳ್ಳಿಯಲ್ಲಿ ಸ್ಕೀ ಎಲ್ಲರಿಗೂ ಬರುತ್ತಿತ್ತು. ಶಾಲೆಗೆ, ಅಂಗಡಿಗೆ, ಪ್ರಾರ್ಥನಾ ಮಂದಿರಕ್ಕೆ ಅದರಲ್ಲೇ ಓಡಾಟ. ಆದರೆ ಎದೆಗೆ ನಂಬರು ಕಟ್ಟಿಕೊಂಡು ಪಂದ್ಯಕ್ಕಿಳಿಯುವುದು ಅವರ ಕಟ್ಟುನಿಟ್ಟಿನ ಕ್ರೈಸ್ತ ವಿಶ್ವಾಸಿಗಳ ಕೂಟದಲ್ಲಿ ಪಾಪ. ಟೀವಿಯಂತೆ, ತುಟಿಬಣ್ಣದಂತೆ, ಅದೂ ಲೋಕದ ಮೋಹ.

ರೌನಿ ಗುಟ್ಟಾಗಿ ಒಂದು ಪಂದ್ಯಕ್ಕೆ ಹೋದಳು. ಗೆದ್ದಳು. ಪತ್ರಿಕೆಯಲ್ಲಿ ಚಿತ್ರವೂ ಬಂತು. ಆ ವಾರವೇ ಅವಳನ್ನು ಮಂದಿರದಲ್ಲಿ ಎಲ್ಲರೆದುರು ನಿಲ್ಲಿಸಿದರು. ಎಪ್ಪತ್ತರ ದಶಕದಲ್ಲಿ ಅಂಥ ವಿಚಾರಣೆಗಳು ಹೊಸತಲ್ಲ. ಬೋಧಕ ಕುಸ್ತಾ ಬೈದದ್ದನ್ನು ಅವಳು ತಡೆದುಕೊಂಡಳು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಕ್ಕ ಲೈನಾ ಎದ್ದಳು. ತಾಯಿ ತೀರಿಕೊಂಡ ಮೇಲೆ ರೌನಿಗೆ ಜಡೆ ಹೆಣೆದು ಬೆಳೆಸಿದವಳು ಅವಳೇ.

“ಕ್ಷಮೆ ಕೇಳ್ಬಿಡೇ ರೌನಿ. ಒಂದೇ ಒಂದು ಮಾತು.”

“ಯಾವ ತಪ್ಪಿಗೆ ಅಕ್ಕಾ? ಎಲ್ಲರಿಗಿಂತ ವೇಗವಾಗಿ ಹೋಗಿದ್ದಕ್ಕಾ?”

ಯಾರೋ ಕಿಸಕ್ಕನೆ ನಕ್ಕರು. ಲೈನಾಳ ಮುಖ ಕೆಂಪೇರಿತು. “ಹಾಗಾದ್ರೆ ನನ್ನ ಹೊಸಿಲು ತುಳೀಬೇಡ.”

ರೌನಿ ಔಲು ಪಟ್ಟಣಕ್ಕೆ ಹೋಗಿ ಬ್ರೆಡ್ಡಿನ ಕಾರ್ಖಾನೆ ಸೇರಿದಳು. ಕೆಲಸ ಮುಗಿದೊಡನೆ ಕಾಡಿನ ಸ್ಕೀ ಜಾಡಿಗೆ ಓಡುವಳು. ಒಮ್ಮೆ ಬಸ್‌ನಿಲ್ದಾಣದಲ್ಲಿ ಲೈನಾ ಎದುರಾದಳು. ವಿಶ್ವಾಸಿಗಳು ಒಬ್ಬರಿಗೊಬ್ಬರು ‘ದೇವರ ಶಾಂತಿ’ ಎನ್ನುತ್ತಾರೆ. ಲೈನಾ ಮಾತ್ರ ಹೊರಗಿನವರಿಗೆ ಹೇಳುವಂತೆ ‘ಶುಭದಿನ’ ಎಂದು ಮುಂದೆ ನಡೆದಳು. ಆ ಇಡೀ ಚಳಿಗಾಲ ರೌನಿಗೆ ಅದು ಚುಚ್ಚುತ್ತಲೇ ಇತ್ತು.

ವರ್ಷಗಳು ಕಳೆದವು. ಪ್ರಾಂತ್ಯದ ದೊಡ್ಡ ಪಂದ್ಯ ಈ ಸಲ ಹೌಕಿಪೆರಾದಲ್ಲೇ ಎಂದು ಗೊತ್ತಾಯಿತು. ಜಾಡು ಲೈನಾಳ ಮನೆಯ ಹಿಂದಿನ ಗುಡ್ಡ ಹತ್ತಿ ಇಳಿಯುತ್ತಿತ್ತು. ರೌನಿಗೆ ಆಗಲೇ ಮೂವತ್ತು ದಾಟಿತ್ತು. “ಕೂಸುಗಳ ಜೊತೆ ಓಡ್ತೀಯಾ ಅಜ್ಜೀ?” ಎಂದು ಕಾರ್ಖಾನೆಯ ಗೆಳತಿಯರು ಕಾಡಿಸಿದರು. ಆದರೂ ಹೆಸರು ಕೊಟ್ಟಳು.

ಅಂಥ ಪಂದ್ಯದಲ್ಲಿ ಸ್ವಲ್ಪ ಹೊತ್ತಿಗೊಮ್ಮೆ ಒಬ್ಬೊಬ್ಬರನ್ನೇ ಬಿಡುತ್ತಾರೆ, ಕಡಿಮೆ ಸಮಯದಲ್ಲಿ ಮುಗಿಸಿದವರಿಗೆ ಗೆಲುವು. ಯಾರು ಮುಂದೆ, ಯಾರು ಹಿಂದೆ ಎಂದು ದಾರಿಬದಿಯವರು ಗಡಿಯಾರ ನೋಡಿ ಕೂಗಿದರೇ ತಿಳಿಯುವುದು. ರೌನಿಗೆ ಕೂಗಿ ಹೇಳುವ ಸ್ವಂತದವರಿರಲಿಲ್ಲ. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಅವಳ ಕಾಲು ಸೀಸದಂತೆ ಭಾರವಾಗಿತ್ತು. ಇನ್ನು ಸಾಕು ಅನ್ನಿಸಿತು.

“ರೌನೀ! ಹತ್ತು ಸೆಕೆಂಡು ಹಿಂದಿದ್ದೀಯ ಕಣೇ! ಆ ಹಳದಿ ಟೋಪಿಯವಳು ಮುಂದಿದ್ದಾಳೆ!”

ತಲೆಗೆ ಶಾಲು ಸುತ್ತಿ, ಗಂಡನ ಗಡಿಯಾರ ಕೈಯಲ್ಲಿ ಹಿಡಿದು, ಸೊಂಟದವರೆಗಿನ ಹಿಮದಲ್ಲಿ ಲೈನಾ ನಿಂತಿದ್ದಳು. ಸುತ್ತ ಅವಳ ಮಕ್ಕಳ ಸಾಲು, ಎಲ್ಲರೂ ಗಂಟಲು ಹರಿಯುವಂತೆ ಕಿರುಚುತ್ತಿದ್ದರು.

“ನನ್ನನ್ನೇನು ನೋಡ್ತೀಯೇ? ಮುಂದೆ ನೋಡು! ಗುಡ್ಡ ಹತ್ತು!”

ರೌನಿ ಹತ್ತಿದಳು. ಅಳುತ್ತಲೇ ಹತ್ತಿದಳು, ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು. ಇಳಿಜಾರಿನಲ್ಲಿ ಮಂಡಿ ಮಡಿಸಿ ಬಾಣದಂತೆ ಬಿಟ್ಟಳು. ಕೊನೆಯ ಬಯಲಿನಲ್ಲಿ ಹಳದಿ ಟೋಪಿಯನ್ನು ಕಂಡಳು, ಹಿಡಿದಳು, ದಾಟಿದಳು. ಧ್ವನಿವರ್ಧಕದಲ್ಲಿ ಅವಳ ಹೆಸರೇ ಮೊದಲು ಬಂತು.

ಬಹುಮಾನದ ಬೆಳ್ಳಿಯ ಬಟ್ಟಲು ಕಂಕುಳಲ್ಲಿಟ್ಟುಕೊಂಡು ನೇರ ಅಕ್ಕನ ಮನೆಗೆ ಹೋದಳು. ಹೊಸಿಲ ಈಚೆಗೇ ನಿಂತಳು.

“ಆ ಬಟ್ಟಲು ಹೊರಗಿರ್ಲಿ,” ಎಂದಳು ಲೈನಾ. “ನೀನು ಒಳಗೆ ಬಾ. ಕಾಫಿ ಆರ್ತಿದೆ.”

“ಕುಸ್ತಾ ಏನಂತಾರೋ?”

“ಬೆಳಿಗ್ಗೇನೇ ಬಂದಿದ್ರು, ಹೋಗ್ಬೇಡ ಅಂತ. ನಾನು ನೋಡೋಕೆ ಹೋಗ್ತಿರೋದು ಪಂದ್ಯ ಅಲ್ಲ, ತಂಗೀನ ಅಂದೆ. ಆವತ್ತು ನಿನ್ನ ಪರವಾಗಿ ನಿಲ್ಬೇಕಿತ್ತು ರೌನಿ. ಹೆದರಿದ್ದೆ.”

“ನಾನು ವಾಪಸ್ಸು ಕೂಟಕ್ಕೆ ಬರಲ್ಲ ಅಕ್ಕಾ.”

“ನಾನೂ ಕೂಟ ಬಿಟ್ಟು ಬರಲ್ಲ. ಬನ್ನು ತಿನ್ನು.”

ಏಲಕ್ಕಿಯ ಬಿಸಿ ಬನ್ನಿನ ವಾಸನೆ ಅಡುಗೆಮನೆ ತುಂಬಿತ್ತು. ರೌನಿ ಒಂದರ ಹಿಂದೊಂದು ತಿಂದಳು. ಹೊರಗೆ ಮೆಟ್ಟಿಲ ಮೇಲೆ ಮಕ್ಕಳು ಆ ಬಟ್ಟಲಿಗೆ ಹಿಮ ತುಂಬಿ, ಬೆರ್ರಿ ಹಣ್ಣಿನ ರಸ ಸುರಿದು, ಸರದಿಯಲ್ಲಿ ನೆಕ್ಕುತ್ತಿದ್ದರು. ಒಳಗಿನಿಂದ ಅಕ್ಕತಂಗಿಯರ ನಗು ರಸ್ತೆಯವರೆಗೂ ಕೇಳುತ್ತಿತ್ತು.